ತಲೆ ಮೊದಲೋ, ಗುಂಡಿಗೆ ಮೊದಲೋ

ಗರ್ಭದಲ್ಲಿ ಎಲ್ಲಕ್ಕಿಂತ ಮೊದಲು ಮೂಡುವ ಅಂಗ ಯಾವುದು? ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಈ ಪ್ರಶ್ನೆಯ ಸುತ್ತ ಋಷಿಗಳ ಸೊಗಸಾದ ಚರ್ಚೆಯೊಂದಿದೆ. ತಲೆಯೇ ಮೊದಲು ಎನ್ನುತ್ತಾನೆ ಶೌನಕ. ಇಂದ್ರಿಯಗಳೆಲ್ಲ ಅಲ್ಲಿಯೇ ತಾನೇ ಇರುವುದು. ಹೃದಯ ಎನ್ನುತ್ತಾನೆ ಕೃತವೀರ್ಯ. ಬುದ್ಧಿಗೂ ಮನಸ್ಸಿಗೂ ಅದೇ ಮನೆ. ಪಾರಾಶರ್ಯನದು ಹೊಕ್ಕುಳಿನ ಪಕ್ಷ. ದೇಹ ಬೆಳೆಯುವುದೇ ಅದರ ದಾರಿಯಿಂದ. ಮಾರ್ಕಂಡೇಯ ಕೈಕಾಲುಗಳ ಪರ ನಿಲ್ಲುತ್ತಾನೆ. ಚಲನೆಗೆ ಮೂಲ ಅವು. ಸುಭೂತಿ ಗೌತಮನಿಗೆ ನಡುದೇಹವೇ ಮೊದಲು. ಉಳಿದ ಅಂಗಗಳೆಲ್ಲ ಅಂಟಿಕೊಂಡಿರುವುದು ಅದಕ್ಕೇ. ಕೊನೆಗೆ ಧನ್ವಂತರಿ ಬಂದು ಎಲ್ಲರ ಮಾತನ್ನೂ ತಳ್ಳಿಹಾಕುತ್ತಾನೆ. ಎಲ್ಲವೂ ಒಟ್ಟಿಗೇ ಹುಟ್ಟುತ್ತವೆ, ತೀರಾ ಸೂಕ್ಷ್ಮವಾಗಿರುವುದರಿಂದ ಕಾಣುವುದಿಲ್ಲ, ಅಷ್ಟೆ. ಬಿದಿರಿನ ಮೊಳಕೆಯಲ್ಲಿ, ಎಳೆ ಮಾವಿನಕಾಯಿಯಲ್ಲಿ ಎಲ್ಲವೂ ಅಡಗಿರುವ ಹಾಗೆ ಎಂಬುದು ಅವನ ತೀರ್ಪು.

ಈ ಭಾಗ ಓದಿದಾಗಲೆಲ್ಲ ನನಗೆ ಅವರೆಲ್ಲರ ಜತೆ ಒಂದು ಮೊಟ್ಟೆ ಹಿಡಿದು ಕೂತುಕೊಳ್ಳಬೇಕು ಅನ್ನಿಸುತ್ತದೆ. ತಾಯ ಹೊಟ್ಟೆಯೊಳಗಿನ ಸಂಗತಿಯನ್ನು ಕಣ್ಣಾರೆ ನೋಡುವುದು ಆ ಕಾಲಕ್ಕೆ ಆಗದ ಮಾತು. ಕೋಳಿ ಮೊಟ್ಟೆ ಹಾಗಲ್ಲ. ಹೇಂಟೆಯ ಕೆಳಗಿಟ್ಟ ಮೊಟ್ಟೆಗಳಲ್ಲಿ ದಿನಕ್ಕೊಂದನ್ನು ತೆಗೆದು ಒಡೆದು ನೋಡಿದರೆ ದೇಹ ಕಟ್ಟುವ ಕೆಲಸ ಎಲ್ಲಿಯವರೆಗೆ ಬಂತೆಂದು ಕಣ್ಣಿಗೆ ಕಾಣುತ್ತದೆ. ಗ್ರೀಸಿನ ಅರಿಸ್ಟಾಟಲ್ ಈ ದಾರಿ ಹಿಡಿದ. ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ರಕ್ತದ ಒಂದು ಚುಕ್ಕೆ ಕಾಣುತ್ತದೆ, ಅದು ಜೀವವಿದ್ದಂತೆ ಮಿಡಿಯುತ್ತದೆ, ಅದೇ ಹೃದಯ ಎಂದು ಬರೆದಿಟ್ಟ. ಕೃತವೀರ್ಯನಿಗೆ ದೂರದ ಊರಿನಲ್ಲೊಬ್ಬ ಸಾಕ್ಷಿ ಸಿಕ್ಕಂತಾಯಿತು. ಆದರೆ ಅರಿಸ್ಟಾಟಲನಿಗಿದ್ದುದು ಬರಿಗಣ್ಣು. ಆ ಚುಕ್ಕೆ ಮಿಡಿಯುವ ಹೊತ್ತಿಗೆ ಮೊಟ್ಟೆಯೊಳಗೆ ಆಗಬೇಕಾದ ಬಹುದೊಡ್ಡ ಕೆಲಸಗಳು ಆಗಿಹೋಗಿರುತ್ತವೆ.

ಮೊಟ್ಟೆಯ ಮಾತು ಬಂದಾಗ ಕಾವಿನ ಮಾತು ಬಿಡಲಾಗದು. ನಮ್ಮ ಕಡೆ ಹೇಂಟೆ ಕಾವಿಗೆ ಬಂದಿದೆ ಎಂದು ಮೊದಲು ತಿಳಿಯುವುದು ಅದರ ದನಿಯಿಂದ. ಗಂಟಲಲ್ಲೇ ಕೊರ್ ಕೊರ್ ಎನ್ನುತ್ತ, ಗರಿ ಕೆದರಿಕೊಂಡು, ಹತ್ತಿರ ಹೋದವರ ಕೈ ಕುಕ್ಕಲು ಬರುತ್ತದೆ. ಅಜ್ಜಿ ಹಳೆಯ ಮಂಕರಿಗೆ ಒಣಹುಲ್ಲು ಹಾಸಿ ಮೊಟ್ಟೆ ಜೋಡಿಸಿ, ಗುಡುಗಿಗೆ ಕೆಡದಿರಲಿ ಎಂದು ಒಂದು ಕಬ್ಬಿಣದ ಚೂರನ್ನೂ ಒಳಗಿಡುತ್ತಿದ್ದಳು. ವಾರ ಕಳೆದ ಮೇಲೆ ರಾತ್ರಿ ದೀಪದೆದುರು ಒಂದೊಂದೇ ಮೊಟ್ಟೆ ಹಿಡಿದು, ಒಳಗೆ ಕೆಂಪು ನರ ಕಂಡರೆ ಮತ್ತೆ ಹೇಂಟೆಯ ಕೆಳಗಿಟ್ಟು, ಏನೂ ಕಾಣದಿದ್ದರೆ "ಇದು ಗೊಡ್ಡು ಕಣೋ" ಎಂದು ಪಕ್ಕಕ್ಕಿಡುತ್ತಿದ್ದಳು. ಕಬ್ಬಿಣಕ್ಕೆ ಗುಡುಗು ಹೆದರುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ದೀಪಕ್ಕೆ ಹಿಡಿದು ನೋಡುವ ವಿದ್ಯೆಯನ್ನು ಮಾತ್ರ ಪೂರ್ತಿ ನಂಬುತ್ತೇನೆ; ಇವತ್ತಿನ ಹ್ಯಾಚರಿಗಳಲ್ಲೂ ನಡೆಯುವುದು ಅದೇ, ಬಲ್ಬು ಬೇರೆ ಅಷ್ಟೆ.

ಹೇಂಟೆಯ ಲೆಕ್ಕಾಚಾರವಂತೂ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಹಳ್ಳಿಯ ಹೇಂಟೆ ಹತ್ತು ಹನ್ನೆರಡು ಮೊಟ್ಟೆಗಳನ್ನು ಒಂದೇ ದಿನ ಇಡುವುದಿಲ್ಲ, ದಿನಕ್ಕೊಂದರಂತೆ, ನಡುವೆ ಒಂದೊಂದು ದಿನ ಬಿಟ್ಟು ಇಡುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ಎರಡು ವಾರದ ಅಂತರವಾದರೂ ಇರುತ್ತದೆ. ಆದರೂ ಮರಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ, 21ನೇ ದಿನದ ಸುಮಾರಿಗೆ ಚಿಪ್ಪು ಒಡೆದು ಬರುತ್ತವೆ. ಕಾರಣ ಇಷ್ಟೇ: ಮೊಟ್ಟೆಗಳೆಲ್ಲ ಕೂಡುವವರೆಗೆ ಹೇಂಟೆ ಕಾವು ಕೊಡುವುದಿಲ್ಲ, ಕಾವಿಲ್ಲದೆ ಮೊಟ್ಟೆಯೊಳಗಿನ ಜೀವ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ಸಾಯದೆ, ಬೆಳೆಯದೆ, ಇದ್ದ ಹಂತದಲ್ಲೇ ತಡೆದು ನಿಂತಿರುತ್ತದೆ. ಹ್ಯಾಚರಿಯವರು ಮೊಟ್ಟೆಗಳನ್ನು ತಂಪು ಕೋಣೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಇಡುವುದು ಈ ಗುಣವನ್ನು ನಂಬಿಯೇ.

ಅಂಗಡಿಯಿಂದ ತಂದ ಮೊಟ್ಟೆಯಲ್ಲಿ ಇದನ್ನೆಲ್ಲ ಹುಡುಕಬೇಡಿ. ಮೊಟ್ಟೆಗೆಂದೇ ಸಾಕುವ ಫಾರಂಗಳಲ್ಲಿ ಹೇಂಟೆಗಳ ನಡುವೆ ಹುಂಜವಿರುವುದಿಲ್ಲ, ಹಾಗಾಗಿ ಆ ಮೊಟ್ಟೆಗಳಲ್ಲಿ ಭ್ರೂಣವೂ ಇಲ್ಲ. ಹಳದಿಯ ಮೇಲೆ ಒಂದು ಪುಟ್ಟ ಬಿಳಿ ಮಚ್ಚೆ ಮಾತ್ರ ಕಂಡೀತು. ಹುಂಜ ಕೂಡಿದ ಹೇಂಟೆಯ ಮೊಟ್ಟೆಯಲ್ಲಿ ಅದೇ ಮಚ್ಚೆ ಸ್ವಲ್ಪ ಅಗಲವಾಗಿ, ಅಂಚಿಗೆ ಉಂಗುರ ಕಟ್ಟಿದಂತೆ ಇರುತ್ತದೆ. ಮರಿಯಾಗುವುದು ಆ ಮಚ್ಚೆ. ಹಳದಿ ಮರಿಯಾಗುವುದಿಲ್ಲ, ಅದು ಮರಿಯ ಬುತ್ತಿ. ಹಳದಿಯೇ ಮರಿ, ಬಿಳಿ ಅದರ ಆಹಾರ ಎಂದುಕೊಂಡವರು ಎಷ್ಟೋ ಜನ. ಹೇಳಿಕೊಡುವವರು ಮೊಟ್ಟೆ ಒಡೆದು ತೋರಿಸದೆ ಬರೀ ಚಿತ್ರ ಬರೆದು ಬಿಡುವುದರಿಂದ ಹೀಗಾಗುತ್ತದೆ ಎಂದು ನನ್ನ ಗಟ್ಟಿ ಅಭಿಪ್ರಾಯ. ಒಂದು ನಾಟಿ ಮೊಟ್ಟೆ, ಒಂದು ತಟ್ಟೆ, ಒಂದು ಭೂತಗನ್ನಡಿ ಸಾಕು; ಅದಕ್ಕಿಂತ ಅಗ್ಗದ ಪ್ರಯೋಗಶಾಲೆ ಇನ್ನೊಂದಿಲ್ಲ.

ಹೇಂಟೆ ಇಟ್ಟ ದಿನವೇ ಮೊಟ್ಟೆಯ ಕಥೆ ಶುರುವಾಗುವುದಿಲ್ಲ. ಅಂಡಾಶಯದಿಂದ ಬಿಡುಗಡೆಯಾದ ಹಳದಿ ಗೋಲ ಅಂಡನಾಳದ ಬಾಯಿಯಲ್ಲೇ ವೀರ್ಯಾಣುವನ್ನು ಕೂಡುತ್ತದೆ. ಒಮ್ಮೆ ಹುಂಜ ಕೂಡಿದರೆ ಹೇಂಟೆಯ ಒಡಲಿನ ಸಣ್ಣ ಕೊಳವೆಗಳಲ್ಲಿ ವೀರ್ಯಾಣುಗಳು ಎರಡು ವಾರದ ಹತ್ತಿರ ಜೀವಂತವಾಗಿ ಉಳಿಯಬಲ್ಲವು. ಅಲ್ಲಿಂದ ಸುಮಾರು ಒಂದು ದಿನದ ಪಯಣ. ದಾರಿಯಲ್ಲಿ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ, ಪೊರೆ ಕಟ್ಟುತ್ತದೆ, ಚಿಪ್ಪು ಕೂಡಿಕೊಳ್ಳಲು ಮಾತ್ರ 20 ಗಂಟೆಯಷ್ಟು ಬೇಕು. ಹೊರಗೆ ಚಿಪ್ಪಿನ ಕೆಲಸ ನಡೆಯುತ್ತಿರುವಾಗಲೇ ಒಳಗೆ ಆ ಒಂದು ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಸೀಳುತ್ತ ಹೋಗುತ್ತದೆ. ಕಪ್ಪೆಯ ಮೊಟ್ಟೆಯ ಹಾಗೆ ಇಡೀ ಗೋಲ ಸೀಳುವುದಿಲ್ಲ. ಹಳದಿ ಅಷ್ಟು ದೊಡ್ಡದು, ಅಷ್ಟು ಭಾರ. ಸೀಳು ಅದಕ್ಕೆ ಇಳಿಯಲಾರದು. ಮೇಲಿನ ಮಚ್ಚೆ ಮಾತ್ರ ತುಂಡಾಗುತ್ತ ಹೋಗುತ್ತದೆ. ಬೆಳಿಗ್ಗೆ ಗೂಡಿಗೆ ಕೈಹಾಕಿ ಬೆಚ್ಚಗಿನ ಮೊಟ್ಟೆಯನ್ನು ಎತ್ತಿಕೊಂಡಾಗ ನಮ್ಮ ಅಂಗೈಯಲ್ಲಿರುವುದು ಆಗಲೇ ಸುಮಾರು 50,000 ಕೋಶಗಳ ಒಂದು ತಟ್ಟೆ. ಅದರ ಅಗಲ ಕೆಲವೇ ಮಿಲಿಮೀಟರು. ಅದಕ್ಕೆ ತಲೆ ಇಲ್ಲ, ಗುಂಡಿಗೆ ಇಲ್ಲ, ಹೊಕ್ಕುಳಿಲ್ಲ, ಕೈಕಾಲಿಲ್ಲ, ನಡುವಿಲ್ಲ.

ಹಾಗಾದರೆ ಅದಕ್ಕೇನಿದೆ? ದಿಕ್ಕು ಇದೆ. ಈ ಹರಟೆಯಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಆರು ಜನ ಋಷಿಗಳಲ್ಲಿ ಯಾರೂ ಹೇಳದ ಉತ್ತರವೊಂದನ್ನು ಮೊಟ್ಟೆ ತಾನೇ ಹೇಳುತ್ತದೆ: ಅಂಗಕ್ಕಿಂತ ಮೊದಲು ಹುಟ್ಟುವುದು ದಿಕ್ಕು. ಚಿಪ್ಪು ಕಟ್ಟುವ ಜಾಗದಲ್ಲಿ ಮೊಟ್ಟೆ ತನ್ನ ಉದ್ದದ ಅಕ್ಷದ ಸುತ್ತ ನಿಧಾನವಾಗಿ ಉರುಳುತ್ತಿರುತ್ತದೆ. ಒಳಗಿನ ಹಳದಿ ತನ್ನ ಹಗುರಾದ ಭಾಗವನ್ನು, ಅಂದರೆ ಆ ಮಚ್ಚೆಯನ್ನು, ಮೇಲ್ಮುಖವಾಗಿ ಇಟ್ಟುಕೊಳ್ಳಲು ನೋಡುತ್ತದೆ; ಉರುಳಾಟ ಅದನ್ನು ಎಳೆಯುತ್ತದೆ; ಎರಡರ ನಡುವೆ ಮಚ್ಚೆ ಓರೆಯಾಗಿ ನಿಲ್ಲುತ್ತದೆ. ಓರೆಯಾದ ಮಚ್ಚೆಯ ಮೇಲಂಚು ಮುಂದೆ ಬಾಲದ ಕಡೆಯಾಗುತ್ತದೆ, ಕೆಳಗಿನ ಅಂಚು ತಲೆಯ ಕಡೆ. ಇಸ್ರೇಲಿನ ಕೊಚಾವ್ ಮತ್ತು ಇಯಾಲ್-ಗಿಲಾಡಿ 1971ರಲ್ಲಿ ಇದನ್ನು ತೋರಿಸಿಕೊಟ್ಟರು. ಅದಕ್ಕೂ ಎಷ್ಟೋ ಮುಂಚೆ ಭ್ರೂಣವಿಜ್ಞಾನಿ ಫಾನ್ ಬೇರ್ ಒಂದು ಸರಳ ನಿಯಮ ಕಂಡುಕೊಂಡಿದ್ದ: ಮೊಟ್ಟೆಯ ದಪ್ಪ ತುದಿಯನ್ನು ಎಡಕ್ಕೆ ಮಾಡಿ ಅಡ್ಡಲಾಗಿ ಇಟ್ಟುಕೊಂಡರೆ ಬಹುಪಾಲು ಮೊಟ್ಟೆಗಳಲ್ಲಿ ಮರಿಯ ತಲೆ ನಮ್ಮಿಂದ ಆಚೆಗೆ ಇರುತ್ತದೆ. ತಲೆ ಹುಟ್ಟುವ ಮೊದಲೇ ಅದು ಯಾವ ಕಡೆಗೆ ಹುಟ್ಟಬೇಕೆಂದು ಭೂಮಿಯ ಸೆಳೆತ ಹೇಳಿಬಿಟ್ಟಿರುತ್ತದೆ.

ಹಾಗೆಂದು ಅದು ಕಲ್ಲಿನಲ್ಲಿ ಕೆತ್ತಿದ ಬರಹವೂ ಅಲ್ಲ. ಕಾವಿಗಿಡದ ಮೊಟ್ಟೆಯ ಮಚ್ಚೆಯನ್ನು ತುಂಡು ತುಂಡಾಗಿ ಕತ್ತರಿಸಿ ಬೆಳೆಸಿದರೆ ಒಂದೊಂದು ತುಂಡೂ ತನ್ನದೇ ತಲೆ-ಬಾಲ ಗೊತ್ತುಮಾಡಿಕೊಂಡು ಪೂರ್ತಿ ಭ್ರೂಣ ಕಟ್ಟಲು ಹೊರಡಬಲ್ಲದು ಎಂದು ಸ್ಪ್ರಾಟ್ ಮತ್ತು ಹಾಸ್ 1960ರಲ್ಲಿ ತೋರಿಸಿದರು. ಇದನ್ನು ಓದಿದ ಯಾವ ಕನ್ನಡಿಗನಿಗೂ ಗಾಂಧಾರಿ ನೆನಪಾಗದೆ ಇರಲಾರಳು. ಅವಳು ಹೆತ್ತ ಗಟ್ಟಿ ಮಾಂಸದ ಮುದ್ದೆಯನ್ನು ವ್ಯಾಸರು 101 ಭಾಗ ಮಾಡಿಸಿ ತುಪ್ಪದ ಕೊಡಗಳಲ್ಲಿ ಇಡಿಸಿದರು, ಒಂದೊಂದು ಭಾಗವೂ ಒಂದೊಂದು ಮಗುವಾಯಿತು. ಆ ಕಾಲದಲ್ಲೇ ಪ್ರನಾಳ ಶಿಶುವಿನ ವಿದ್ಯೆ ಇತ್ತೆಂಬುದಕ್ಕೆ ಇದು ಪುರಾವೆ ಎಂದು ವಾದಿಸುವವರನ್ನು ನಾನು ಒಪ್ಪುವುದಿಲ್ಲ. ಅದರಿಂದ ಮಹಾಭಾರತಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಇಲ್ಲ. ಆದರೆ ಒಂದು ಪಿಂಡದ ತುಂಡಿನಿಂದ ಅರೆಮನುಷ್ಯನಲ್ಲ, ಇಡೀ ಮನುಷ್ಯನೇ ಎದ್ದು ಬರಬಹುದು ಎಂದು ಊಹಿಸಿದ ಆ ಕವಿಯ ಧೈರ್ಯಕ್ಕೆ ತಲೆಬಾಗುತ್ತೇನೆ. ಏಕೆಂದರೆ ಬಹಳ ತಿಳಿದ ವಿಜ್ಞಾನಿಗಳೂ ಹಾಗೆ ಊಹಿಸಿರಲಿಲ್ಲ. 1888ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರೂ ಕಪ್ಪೆಯ ಎರಡು ಕೋಶದ ಭ್ರೂಣದಲ್ಲಿ ಒಂದು ಕೋಶವನ್ನು ಕಾದ ಸೂಜಿಯಿಂದ ಚುಚ್ಚಿ ಕೊಂದ; ಉಳಿದದ್ದು ಅರ್ಧ ಭ್ರೂಣವಾಯಿತು. ಅಲ್ಲಿಗೆ, ಯಾವ ಕೋಶ ಏನಾಗಬೇಕೆಂಬುದು ಮೊದಲೇ ಹಂಚಿಕೆಯಾಗಿರುತ್ತದೆ ಎಂದು ತೀರ್ಮಾನಿಸಿದ. 1891ರಲ್ಲಿ ಹಾನ್ಸ್ ಡ್ರೀಶ್ ಸಮುದ್ರದ ಕಂಟಕಚರ್ಮಿಯೊಂದರ ಎರಡು ಕೋಶದ ಭ್ರೂಣಗಳನ್ನು ಜೋರಾಗಿ ಅಲುಗಾಡಿಸಿ ಬಿಡಿಬಿಡಿ ಮಾಡಿದ; ಅರ್ಧ ಮರಿ ಬಂದೀತೆಂದು ಕಾದವನಿಗೆ ಸಣ್ಣದಾದರೂ ಪೂರ್ತಿ ಮರಿ ಸಿಕ್ಕಿತು. ರೂನ ಪ್ರಯೋಗದಲ್ಲಿ ಸತ್ತ ಕೋಶ ಪಕ್ಕದಲ್ಲೇ ಅಂಟಿಕೊಂಡಿತ್ತು, ಡ್ರೀಶನದರಲ್ಲಿ ಅದು ಇರಲಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಕೋಶದ ಮುಂದಿನ ಬದುಕು ನಿಂತಿದೆ ಎಂಬ ಅರಿವು ಹೀಗೆ ಮೆಲ್ಲಗೆ ಬಂತು.

ಧನ್ವಂತರಿಯ ಪಕ್ಷದ ಕಡೆಗೊಮ್ಮೆ ಹೋಗಿಬರೋಣ. ಎಲ್ಲವೂ ಮೊದಲೇ ಇದೆ, ಕಾಣುವುದಿಲ್ಲ ಅಷ್ಟೆ ಎಂಬ ಮಾತಿಗೆ ಯುರೋಪಿನಲ್ಲೂ ದೊಡ್ಡ ಬಳಗವಿತ್ತು. 1670ರ ದಶಕದಲ್ಲಿ ಇಟಲಿಯ ಬೊಲೊನ್ಯದಲ್ಲಿ ಮಾರ್ಚೆಲ್ಲೊ ಮಾಲ್ಪಿಗಿ ಸೂಕ್ಷ್ಮದರ್ಶಕದಡಿ ಮರಿಯ ಬೆಳವಣಿಗೆಯನ್ನು ಗಂಟೆಗಂಟೆಗೆ ಬಿಡಿಸಿಟ್ಟ. ಆ ಚಿತ್ರಗಳು ಇವತ್ತಿಗೂ ಚೆಂದ. ಕಾವಿಗಿಡದ ಮೊಟ್ಟೆಯಲ್ಲೇ ಮರಿಯ ಆಕಾರ ಕಂಡಿತೆಂದೂ ಬರೆದ. ಹುಟ್ಟುವ ಮೊದಲೇ ಮೂರ್ತಿ ಇರುತ್ತದೆ ಎನ್ನುವವರಿಗೆ ಅದು ಬಲವಾದ ಆಧಾರವಾಯಿತು. ಆದರೆ ಅವನು ನೋಡಿದ್ದು ಆಗಸ್ಟ್ ತಿಂಗಳ ಸುಡುಸೆಖೆಯಲ್ಲಿ, ಹಿಂದಿನ ದಿನ ಇಟ್ಟ ಮೊಟ್ಟೆಯನ್ನು. ಕಾವು ಕೊಡಲು ಹೇಂಟೆಯೇ ಬೇಕೆಂದಿಲ್ಲ, ಬಿಸಿಲೂ ಸಾಕು. ರಾಯಚೂರಿನ ಮೇ ತಿಂಗಳಲ್ಲಿ ನಾಟಿ ಮೊಟ್ಟೆಯನ್ನು ಅಡುಗೆಮನೆಯಲ್ಲಿ ಎರಡು ದಿನ ಇಟ್ಟವರಿಗೆ ಇದು ಹೇಳದೆ ಗೊತ್ತು.

ಈ ಪಕ್ಷವನ್ನು ಅಲುಗಾಡಿಸಿದವನು ಕಾಸ್ಪರ್ ಫ್ರೀಡ್ರಿಶ್ ವೋಲ್ಫ್. 1759ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಮೊಟ್ಟೆಯಲ್ಲಿ ಮೂರ್ತಿ ಇಲ್ಲ, ಅದು ಹಂತಹಂತವಾಗಿ ಆಗುತ್ತದೆ ಎಂದು ಬರೆದ. ಆಮೇಲೆ ಮರಿಯ ಕರುಳು ಹೇಗಾಗುತ್ತದೆ ಎಂದು ತೋರಿಸಿದ. ಕರುಳು ಮೊದಲಿಗೆ ಕೊಳವೆಯೇ ಅಲ್ಲ, ಚಪ್ಪಟೆ ಹಾಳೆ. ಆ ಹಾಳೆಯ ಅಂಚುಗಳು, ನಾವು ಮುತ್ತುಗದ ಎಲೆಯನ್ನು ಮಡಚಿ ಕಡ್ಡಿ ಚುಚ್ಚಿ ದೊನ್ನೆ ಮಾಡುವ ಹಾಗೆ, ಬಾಗಿ ಕೂಡಿಕೊಂಡು ಕೊಳವೆಯಾಗುತ್ತವೆ. ಮೊದಲೇ ಇದ್ದ ಪುಟ್ಟ ಕರುಳು ಹಿಗ್ಗಿ ದೊಡ್ಡದಾಗಿದ್ದರೆ ಹಾಳೆಯ ಹಂತ ಇರಬೇಕಾಗಿರಲಿಲ್ಲವಲ್ಲ! ಆಗ ಅವನ ಮಾತಿಗೆ ತಕ್ಕ ಮನ್ನಣೆ ಸಿಗಲಿಲ್ಲ. 1817ರಲ್ಲಿ ಕ್ರಿಸ್ಟಿಯನ್ ಪಾಂಡರ್ 2000ಕ್ಕೂ ಹೆಚ್ಚು ಮೊಟ್ಟೆಗಳನ್ನು ಒಡೆದು ನೋಡಿ ಭ್ರೂಣದ ತಟ್ಟೆಯಲ್ಲಿ ಮೂರು ಪದರಗಳಿವೆ ಎಂದು ಹೇಳಿದ. ಅವನ ಗೆಳೆಯ ಫಾನ್ ಬೇರ್ 1827ರಲ್ಲಿ ನಾಯಿಯ ಅಂಡಾಶಯದಲ್ಲಿ ಸಸ್ತನಿಯ ಅಂಡಾಣುವನ್ನು ಮೊದಲ ಬಾರಿಗೆ ಕಂಡ. ಮನುಷ್ಯ ಕೂಡ ಒಂದು ಮೊಟ್ಟೆಯಿಂದಲೇ ಬರುತ್ತಾನೆ ಎಂಬುದಕ್ಕೆ ದಾರಿ ತೆರೆಯಿತು.

ಇನ್ನು ಕಾವು ಶುರು. ಮೊದಲ ಆರೇಳು ಗಂಟೆಯಲ್ಲಿ ಬಾಲದ ಕಡೆಯಿಂದ ತಟ್ಟೆಯ ನಡುವಿನತ್ತ ಒಂದು ಗೆರೆ ಎದ್ದು ಬರುತ್ತದೆ. 18 ಗಂಟೆಯ ಹೊತ್ತಿಗೆ ಅದು ಪೂರ್ತಿ ಉದ್ದ ಬೆಳೆದಿರುತ್ತದೆ. ಮೇಲ್ಪದರದ ಕೋಶಗಳು ಎರಡೂ ಬದಿಯಿಂದ ಸರಿದು ಬಂದು ಆ ಗೆರೆಯಲ್ಲಿ ಒಳಕ್ಕೆ ಇಳಿಯುತ್ತವೆ. ಇಳಿದವುಗಳಲ್ಲಿ ತಳದಲ್ಲಿ ಹರಡಿಕೊಂಡವು ಕರುಳು, ಶ್ವಾಸಕೋಶಗಳ ಒಳಪೊರೆಯಾಗುತ್ತವೆ. ನಡುವೆ ಉಳಿದವು ಮಾಂಸ, ಮೂಳೆ, ರಕ್ತ, ಹೃದಯ. ಇಳಿಯದೆ ಮೇಲೆ ಉಳಿದವು ಚರ್ಮ, ಮಿದುಳು, ನರ. ಪಾಂಡರ್ ಕಂಡ ಮೂರು ಪದರ ಹುಟ್ಟುವುದು ಹೀಗೆ. ಮಿದುಳು ಮತ್ತು ಚರ್ಮ ಒಂದೇ ಪದರದ ಮಕ್ಕಳು ಎಂಬುದನ್ನು ಎಷ್ಟು ಸಲ ಓದಿದರೂ ನನಗೆ ಹಳತಾಗಿಲ್ಲ. ಗೆರೆಯ ತಲೆಯ ಕಡೆಯ ತುದಿಯಲ್ಲಿ ಒಂದು ಸಣ್ಣ ಉಬ್ಬಿದೆ, ಹೆನ್ಸನ್ ಗಂಟು ಎಂದು ಹೆಸರು. ಅದು ಬಾಲದ ಕಡೆಗೆ ಹಿಂದೆ ಸರಿಯುತ್ತ ಹೋದಂತೆ ಅದರ ಮುಂದೆ ದೇಹ ಒಂದೊಂದೇ ಭಾಗವಾಗಿ ರೂಪುಗೊಳ್ಳುತ್ತದೆ, ತಲೆ ಮೊದಲು, ಬೆನ್ನು ಆಮೇಲೆ, ಬಾಲ ಕೊನೆಗೆ. 33 ಗಂಟೆಯ ಭ್ರೂಣವನ್ನು ನೋಡಿದರೆ ಒಂದು ತುದಿಯಲ್ಲಿ ಮಿದುಳಿನ ಉಬ್ಬುಗಳು, ಕಣ್ಣಿನ ಗುಳಿಗಳು ಗೊತ್ತಾಗುವಷ್ಟಾಗಿವೆ. ಇನ್ನೊಂದು ತುದಿಯಲ್ಲಿ ಇನ್ನೂ ಬರೀ ಗೆರೆ. ಒಂದೇ ದೇಹದಲ್ಲಿ ಎರಡು ವಯಸ್ಸು. ಶೌನಕನ ಮಾತಿಗೆ ಇಲ್ಲಿ ಒಳ್ಳೆಯ ಬಲವಿದೆ.

ಸುಭೂತಿ ಗೌತಮನಿಗೂ ಪಾಲಿದೆ. ಮೊದಲ ದಿನ ಮುಗಿಯುವ ಹೊತ್ತಿಗೆ ನರಕೊಳವೆಯ ಎರಡೂ ಬದಿಯಲ್ಲಿ ಮಾಂಸದ ಸಣ್ಣ ತುಣುಕುಗಳು ಜೋಡಿಜೋಡಿಯಾಗಿ ಮೂಡತೊಡಗುತ್ತವೆ. ಸೋಮೈಟ್ ಎನ್ನುತ್ತಾರೆ. ಬೆನ್ನುಮೂಳೆ, ಪಕ್ಕೆಲುಬು, ಬೆನ್ನಿನ ಮಾಂಸ ಎಲ್ಲ ಇವುಗಳಿಂದ. ಕೋಳಿಯಲ್ಲಿ 90 ನಿಮಿಷಕ್ಕೊಂದು ಜೋಡಿ, ತಪ್ಪದೆ. ಆ ಲಯವನ್ನು ಕಾಯುವ ಜೀನ್‌ಗಳು ಕೋಶದೊಳಗೇ 90 ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತವೆ ಎಂದು 1997ರಲ್ಲಿ ಫ್ರಾನ್ಸಿನಲ್ಲಿ ಒಲಿವಿಯೆ ಪುರ್ಕಿಯೆಯ ತಂಡ ಕಂಡುಹಿಡಿಯಿತು. ಈ ಜೋಡಿಗಳನ್ನು ಎಣಿಸಿಯೇ ಭ್ರೂಣದ ವಯಸ್ಸು ಹೇಳುವುದು. ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಇಡೀ 21 ದಿನವನ್ನು 46 ಹಂತಗಳಾಗಿ ವಿಂಗಡಿಸಿ ಕೊಟ್ಟ ಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ.

ಗುಂಡಿಗೆಯ ಕಥೆಯಂತೂ ಇನ್ನೂ ಚೆಂದ. ಅದು ಒಂದಾಗಿ ಹುಟ್ಟುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು ಕೊಳವೆ ಬೇರೆ ಬೇರೆಯಾಗಿ ಮೂಡಿ, ಚಪ್ಪಟೆ ದೇಹ ಕೆಳಕ್ಕೆ ಮಡಚಿಕೊಂಡಂತೆ ಹತ್ತಿರ ಬಂದು ಒಂದಾಗುತ್ತವೆ. ಕೂಡದಂತೆ ತಡೆದರೆ ಎರಡು ಗುಂಡಿಗೆಗಳಾಗಿ ಎರಡೂ ಮಿಡಿಯುತ್ತವೆ. ಒಂದೂವರೆ ದಿನದ ಸುಮಾರಿಗೆ ಮೊದಲ ಮಿಡಿತ. ಆಗ ಅದರೊಳಗೆ ರಕ್ತದ ಹರಿವು ಇರುವುದಿಲ್ಲ. ರಕ್ತ ಹುಟ್ಟುವುದು ಬೇರೆ ಕಡೆ, ಭ್ರೂಣದ ದೇಹದಿಂದ ಹೊರಗೆ, ಹಳದಿಯ ಮೇಲೆ ಹರಡಿದ ಪೊರೆಯಲ್ಲಿ, ಕೆಂಪು ದ್ವೀಪಗಳಾಗಿ. ಆ ದ್ವೀಪಗಳು ಕೂಡಿ ನಾಳಗಳಾಗಿ, ಮುಂದೆ ಹೊಕ್ಕುಳಾಗುವ ದಾರಿಯಿಂದ ಒಳಗೆ ಬಂದು ಹೃದಯವನ್ನು ಸೇರಿದ ಮೇಲೆಯೇ ಹರಿವು. ಪಾರಾಶರ್ಯ ಸುಮ್ಮನೆ ಹೊಕ್ಕುಳಿನ ಹೆಸರು ಹೇಳಲಿಲ್ಲ. ಕೂಡಿಕೊಂಡ ಹೃದಯ ನೇರವಾಗಿ ನಿಲ್ಲದೆ ಬಲಕ್ಕೆ ಬಾಗುತ್ತದೆ. ದೇಹದ ಎಡಬಲ ಬೇರೆ ಎಂದು ಕಣ್ಣಿಗೆ ಕಾಣುವುದು ಆಗಲೇ ಮೊದಲು. ಆದರೆ ಹೆನ್ಸನ್ ಗಂಟಿನ ಎಡಬದಿಯಲ್ಲಿ ಮಾತ್ರ ಸಾನಿಕ್ ಹೆಡ್ಜ್‌ಹಾಗ್ ಎಂಬ ಜೀನ್ ಕೆಲಸ ಮಾಡುವುದು ಅದಕ್ಕೂ ಮುಂಚೆ, ಹೃದಯದ ಸುಳಿವೂ ಇಲ್ಲದಾಗ. ಇದು 1995ರಲ್ಲಿ ತಿಳಿದ ಸಂಗತಿ. ಇಲ್ಲೂ ನೋಡಿ, ಅಂಗಕ್ಕಿಂತ ದಿಕ್ಕು ಮುಂದು.

ದಿಕ್ಕನ್ನು ಕೋಶಗಳಿಗೆ ಹೇಳುವವರು ಯಾರು? ಹಿಲ್ಡೆ ಮಾಂಗೋಲ್ಡ್ ಎಂಬ ಹೆಣ್ಣುಮಗಳ ಹೆಸರನ್ನು ಇಲ್ಲಿ ಗೌರವದಿಂದ ನೆನೆಯಬೇಕು. ಜರ್ಮನಿಯ ಫ್ರೈಬುರ್ಗ್‌ನಲ್ಲಿ ಹಾನ್ಸ್ ಷ್ಪೇಮಾನ್‌ನ ವಿದ್ಯಾರ್ಥಿನಿ. ನ್ಯೂಟ್ ಎಂಬ ನೀರುಜೀವಿಯ ಭ್ರೂಣದಲ್ಲಿ, ಕೋಶಗಳು ಒಳಕ್ಕೆ ಇಳಿಯುವ ಜಾಗದ ಮೇಲ್ದುಟಿಯ ಚೂರೊಂದನ್ನು ಕತ್ತರಿಸಿ ಬೇರೆ ಜಾತಿಯ ನ್ಯೂಟಿನ ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಿದಳು. ಆ ಭ್ರೂಣದ ಹೊಟ್ಟೆಯ ಮೇಲೆ ಎರಡನೆಯದೊಂದು ಭ್ರೂಣ ಮೂಡಿತು, ನರಕೊಳವೆಯ ಸಮೇತ. ಎರಡು ಜಾತಿಗಳ ಕೋಶದ ಬಣ್ಣ ಬೇರೆ ಬೇರೆ ಇದ್ದುದರಿಂದ ಯಾವುದು ಯಾರದೆಂದು ಗುರುತು ಸಿಕ್ಕಿತು: ಹೊಸ ಭ್ರೂಣದ ಬಹುಭಾಗ ಕಸಿಯ ಚೂರಿನದಲ್ಲ, ಹೊಟ್ಟೆಯ ಚರ್ಮವಾಗಬೇಕಿದ್ದ ಆತಿಥೇಯ ಕೋಶಗಳದ್ದು. ನೆರೆಗೆ ಬಂದ ಚೂರು ಅವುಗಳ ದಾರಿಯನ್ನೇ ತಿರುಗಿಸಿತ್ತು. 1924ರಲ್ಲಿ ಆ ಲೇಖನ ಅಚ್ಚಾಯಿತು. ಅದೇ ವರ್ಷ ಅಡುಗೆಮನೆಯ ಬೆಂಕಿ ಅವಘಡದಲ್ಲಿ ಹಿಲ್ಡೆ ತೀರಿಕೊಂಡಳು, ಇಪ್ಪತ್ತೈದು ವರ್ಷಕ್ಕೆ. 1935ರ ನೊಬೆಲ್ ಷ್ಪೇಮಾನ್‌ಗೆ ಬಂತು. ಆ ಬಹುಮಾನದ ಮಾತು ಬಂದಾಗಲೆಲ್ಲ ನನಗೆ ಹಿಲ್ಡೆಯ ಕೈಗಳೇ ನೆನಪಾಗುತ್ತವೆ; ಸಾಸಿವೆಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಭ್ರೂಣದ ಮೇಲೆ ಆ ಕಸಿಗಳನ್ನು ಮಾಡಿದ್ದು ಅವು. ಕೋಳಿಯ ಹೆನ್ಸನ್ ಗಂಟಿಗೂ ಅದೇ ಶಕ್ತಿಯಿದೆ ಎಂದು 1930ರ ದಶಕದಲ್ಲಿ ವ್ಯಾಡಿಂಗ್ಟನ್ ತೋರಿಸಿದ. ಅವನ ಬಳಿ ಎಡಿನ್‌ಬರೊದಲ್ಲಿ ಕಲಿತು ಬಂದ ಲೀಲಾ ಮುಲ್ಹೇರ್ಕರ್ ಪುಣೆಯ ವಿಶ್ವವಿದ್ಯಾಲಯದಲ್ಲಿ ಕೋಳಿ ಭ್ರೂಣದ ಅಧ್ಯಯನವನ್ನು ಬೆಳೆಸಿದರು.

ಉಳಿದವನು ಮಾರ್ಕಂಡೇಯ. ಎಲ್ಲರಿಗಿಂತ ದುರ್ಬಲ ಪಕ್ಷ ಅವನದೆಂದು ಯಾರಿಗಾದರೂ ಅನ್ನಿಸೀತು, ಏಕೆಂದರೆ ಕಾಲು ರೆಕ್ಕೆಗಳ ಮೊಗ್ಗು ಕಾಣುವುದು ಮೂರನೆಯ ದಿನದ ಹೊತ್ತಿಗೆ, ತಲೆ, ನಡು, ಗುಂಡಿಗೆಗಳೆಲ್ಲ ಆದ ಮೇಲೆ. ಆದರೆ ಅವನ ಪರವಾಗಿ ಹೇಳಬೇಕಾದ ಮಾತೊಂದಿದೆ. ಅಮೆರಿಕದ ಜಾನ್ ಸಾಂಡರ್ಸ್ ಮತ್ತು ಜತೆಗಾರರು 1957ರಲ್ಲಿ, ಕೋಳಿಯ ಕಾಲಿನ ಮೊಗ್ಗಿನಲ್ಲಿ ತೊಡೆಯಾಗಬೇಕಿದ್ದ ಭಾಗದಿಂದ ಒಂದು ಚೂರು ತೆಗೆದು ರೆಕ್ಕೆಯ ಮೊಗ್ಗಿನ ತುದಿಗೆ ಕಸಿ ಮಾಡಿದರು. ಅದು ರೆಕ್ಕೆಯ ತುದಿಯಾಗಲಿಲ್ಲ. ತೊಡೆಯೂ ಆಗಲಿಲ್ಲ. ರೆಕ್ಕೆಯ ತುದಿಯಲ್ಲಿ ಉಗುರಿರುವ ಕಾಲ್ಬೆರಳಾಗಿ ಬೆಳೆಯಿತು. ತಾನು ಕಾಲಿನ ಕಡೆಯವನು ಎಂಬುದು ಆ ಚೂರಿಗೆ ಆಗಲೇ ಗಟ್ಟಿಯಾಗಿತ್ತು; ತೊಡೆಯೋ ಬೆರಳೋ ಎಂಬುದನ್ನು ಮಾತ್ರ ಹೊಸ ಜಾಗದ ನೆರೆಯವರು ಹೇಳಿದರು. ಕಾಲೆಲ್ಲಿ, ರೆಕ್ಕೆಯೆಲ್ಲಿ ಎಂಬುದು ಪಕ್ಕೆಯ ಚರ್ಮ ಇನ್ನೂ ನುಣುಪಾಗಿರುವಾಗಲೇ, ಮೊಗ್ಗಿನ ಸುಳಿವೂ ಇಲ್ಲದಾಗಲೇ ಗೊತ್ತಾಗಿರುತ್ತದೆ.